ಉಳಿದ ಹಿಟ್ಟು

ಆ ಬೇಸಿಗೆಯಲ್ಲಿ ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಾವು ದಿನಕ್ಕೆ ಎರಡು ಸಲ ಯುದ್ಧ ಮಾಡುತ್ತಿದ್ದೆವು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಒಂದು, ಬಿಸಿಲು ಇಳಿದ ಮೇಲೆ ಇನ್ನೊಂದು. ನಡುವೆ ಊಟ, ನಿದ್ದೆ, ಬಿ.ಪಿ. ಮಾತ್ರೆ. ಗಡಿಯಲ್ಲಿ ರಕ್ತ ಹರಿದಿತ್ತು. ನಾವು ತಿರುಗಿ ಹೊಡೆಯಬೇಕೋ ಬೇಡವೋ ಎಂದು ಇಡೀ ದೇಶವೇ ಬಾಯಿ ಮಾಡುತ್ತಿದ್ದ ದಿನಗಳವು. ನಮ್ಮ ಅಂಗಡಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಆದರೆ ನಾನು ಎಷ್ಟು ಹೊತ್ತಿಗೆ ಹೋದರೂ ಯಾರಾದರೂ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಂಟಲು ಹರಿದುಕೊಂಡಾಗಲೂ ಸಿಗದ ಮರ್ಯಾದೆ ಅದು. ಅದು ಸಿಕ್ಕಿದ್ದು ನನ್ನ ಅಕ್ಕನ ಮಗನಿಂದ.

ಅವನು ಸೈನ್ಯದಲ್ಲಿದ್ದ. ಎರಡು ತಿಂಗಳ ರಜೆಯ ಮೇಲೆ ಆಗಷ್ಟೇ ಹತ್ತಿರದ ನಮ್ಮ ಹಳ್ಳಿ ನನ್ನಿವಾಳಕ್ಕೆ ಬಂದಿದ್ದ. ಅಲ್ಲಿ ಅಕ್ಕ, ಅವಳ ಕುರಿ, ನಮ್ಮ ಅವ್ವ. ಸೈನ್ಯದಲ್ಲಿ ಅವನ ಕೆಲಸವೇನೆಂದು ನಾನು ಯಾವತ್ತೂ ಸರಿಯಾಗಿ ಕೇಳಿದವನಲ್ಲ. "ಫಿರಂಗಿ ಪಡೇಲಿದೀನಿ ಮಾವ" ಎಂದು ಒಮ್ಮೆ ಹೇಳಿದ್ದ, ನನಗೆ ಅಷ್ಟೇ ಸಾಕಾಯಿತು. ಫಿರಂಗಿ ಪಡೆಯಲ್ಲಿರುವವನು ಫಿರಂಗಿ ಹಾರಿಸದೆ ಇನ್ನೇನು ಮಾಡುತ್ತಾನೆ? ಮೊದಲ ವಾರ ಅವನನ್ನು ಬರೀ ಗುಂಡು ತುಂಬುವವನನ್ನಾಗಿ ಮಾಡಿದೆ. ಎರಡನೇ ವಾರ ಗುರಿ ಇಡುವ ಕೆಲಸಕ್ಕೆ ಬಡ್ತಿ ಕೊಟ್ಟೆ. ಮೂರನೇ ವಾರಕ್ಕೆ ಕ್ಷಿಪಣಿಯ ಗುಂಡಿಯೇ ಅವನ ಬೆರಳಿನ ಕೆಳಗಿತ್ತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎದುರಿಗೆ ಕೂತವರ ಮುಖ ಅರಳುವುದನ್ನು ನೋಡುತ್ತಾ ನೋಡುತ್ತಾ ನಾಲಿಗೆ ತಾನೇ ಮುಂದೆ ಹೋಗಿಬಿಡುತ್ತಿತ್ತು.

ಅಂಗಡಿಯಲ್ಲಿ ಎರಡು ಪಕ್ಷ. ಹೊಡೆಯುವ ಪಕ್ಷಕ್ಕೆ ಮೊಳಕಾಲ್ಮೂರಿನ ಸೀರೆ ಸಾಹುಕಾರ ಯಜಮಾನ. ನೇಕಾರರ ಮನೆಗಳಿಂದ ರೇಷ್ಮೆ ಸೀರೆ ಒಟ್ಟುಮಾಡಿಕೊಂಡು ವಾರಕ್ಕೆ ಎರಡು ಸಲ ಚಳ್ಳಕೆರೆಯ ಅಂಗಡಿಗಳಿಗೆ ಹಾಕಲು ಬರುತ್ತಿದ್ದವನು, ಆಗ ದಿನಾ ಬರತೊಡಗಿದ. ಇಲಿ ಹೊಡೆಯಲು ಹೆಂಡತಿಯನ್ನು ಕರೆಯುವ ಆಸಾಮಿ, ಬೆಳಗಿನ ಮೊದಲ ಲೋಟ ಮುಗಿಯುವುದರೊಳಗೆ ಶತ್ರುಗಳ ಮೂರು ಪಟ್ಟಣ ಮುಗಿಸುತ್ತಿದ್ದ. ಶಾಂತಿ ಪಕ್ಷಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಏಷ್ಯಾ ಖಂಡ ಬರೆದು, ಇಲ್ಲಿ ಹೊತ್ತಿದ್ದು ಅಲ್ಲಿಗೆ, ಅಲ್ಲಿಂದ ಇನ್ನೊಂದು ಕಡೆಗೆ ಹೇಗೆ ಹರಡುತ್ತದೆ ಎಂದು ತೋರಿಸುತ್ತಿದ್ದರು. ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ ಮೇಜಿಗೆ ಗುದ್ದಿ "ಶಾಂತಿ ಬ್ಯಾಡ ಅನ್ನೋನ್ನ ಒದ್ದು ಓಡಿಸ್ಬೇಕು!" ಎಂದು ಕೂಗುತ್ತಿದ್ದರು. ಅವರು ಕುಟುಂಬ ಸಮೇತ ಕಾಶಿಗೆ ಟಿಕೆಟ್ ಮಾಡಿಸಿದ್ದರು, ಯುದ್ಧವಾದರೆ ಆ ಯಾತ್ರೆ ತಪ್ಪುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಇಬ್ಬರೂ ಒಪ್ಪುತ್ತಿದ್ದ ಸಂಗತಿ ಒಂದೇ. ಯುದ್ಧ ದೊಡ್ಡದಾದರೆ ಚಳ್ಳಕೆರೆ ಖಂಡಿತ ಶತ್ರುಗಳ ಪಟ್ಟಿಯಲ್ಲಿರುತ್ತದೆ! ನಮ್ಮ ದನ ಕುರಿ ಮೇಯುತ್ತಿದ್ದ ಕಾವಲಿನಲ್ಲಿ ಈಗ ಉದ್ದಕ್ಕೂ ಕಾಂಪೌಂಡಿದೆಯಲ್ಲ, ಒಳಗೆ ಏನೇನೋ ಹಾರಿಸಿ ನೋಡುತ್ತಾರಲ್ಲ, ಅದಕ್ಕೆ. ಗೋಡೆ ಎದ್ದಾಗ ಕುರಿಗಳಿಗೆ ಸುತ್ತುದಾರಿಯಾಯಿತು ಎಂದು ಅಕ್ಕ ಅತ್ತರೆ ಒಬ್ಬನೂ ತಿರುಗಿ ನೋಡಿರಲಿಲ್ಲ. ಈಗ ಆ ಗೋಡೆ ಎಲ್ಲರಿಗೂ ಬೇಕಾಯಿತು. ಊರಿಗೆ ಬಾಂಬು ಬೀಳಬಹುದು ಎನ್ನುವಾಗ ಇವರ ಮುಖದಲ್ಲಿ ಮಗನಿಗೆ ರ್‍ಯಾಂಕ್ ಬಂದಷ್ಟು ಹೆಮ್ಮೆ. ಸಾಹುಕಾರನಿಗೆ ಒಳಗೊಳಗೇ ಸಂಕಟ. "ಮಾ ಊರಿಕಿ ಏಮೀ ಲೇದಾ? ನಮ್ಮೂರಿಗೂ ಒಂದು ಬರಲ್ವೇನ್ರಿ ಮೇಷ್ಟ್ರೇ?" ಎಂದು ನನ್ನನ್ನೇ ಕೇಳಿದ, ಕ್ಷಿಪಣಿಯ ಏಜೆನ್ಸಿ ನನ್ನ ಬಳಿ ಇದ್ದ ಹಾಗೆ.

ಒಂದು ದಿನ ಎಲ್ಲರ ಒತ್ತಾಯಕ್ಕೆ ಅಕ್ಕನ ಮಗನನ್ನೇ ಅಂಗಡಿಗೆ ಕರೆತಂದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಿಸಿ, ಎಲ್ಲಿ ಹೊಡೀತೀರಿ, ಯಾವಾಗ ಹೊಡೀತೀರಿ ಎಂದು ಮುತ್ತಿಕೊಂಡರು. ಅವನು ನನ್ನ ಮುಖ ನೋಡಿದ. ನಾನು ಬಜ್ಜಿ ನೋಡಿದೆ. "ಅದೆಲ್ಲ ನಂಗೇನ್ ಗೊತ್ತಿರುತ್ತೆ ಬಿಡ್ರಿ" ಎಂದು ನಾಚಿ ನಕ್ಕ. ಸರ್ಕಾರದ ಗುಟ್ಟು, ಹುಡುಗ ಬಾಯಿ ಬಿಡಲ್ಲ ನೋಡಿ ಎಂದು ಎರಡೂ ಪಕ್ಷದವರು ಬೆನ್ನು ತಟ್ಟಿದರು. ಸಾಹುಕಾರನಂತೂ ಅಲ್ಲೇ ಘೋಷಣೆ ಮಾಡಿದ. ತನ್ನ ನೇಕಾರರ ಮಗ್ಗದಲ್ಲಿ ಹೊಸ ಸೀರೆ, ಸೆರಗಿನ ತುಂಬ ಮಾವಿನಕಾಯಿ, ಗಿಳಿ ಇಲ್ಲ, ಬರೀ ಯುದ್ಧವಿಮಾನ!

ಮರುವಾರ ನಿಜವಾದ ವಿಮಾನಗಳು ಹಾರಿದವು. ನಮ್ಮವರು ಗಡಿಯಾಚೆ ದಾಳಿ ಮಾಡಿದ ಸುದ್ದಿ ಬಂದ ದಿನವೇ ರಜೆ ರದ್ದಾಗಿ ಅವನಿಗೆ ಹೊರಡಲು ಹುಕುಂ ಬಂತು. ಅಕ್ಕ ಫೋನಿನಲ್ಲಿ ಅಷ್ಟನ್ನೇ ಹೇಳಿ ಇಟ್ಟಳು. ನಾನು ಬಸ್ಸು ಹಿಡಿಯುವ ಮೊದಲೇ ಚಹಾದಂಗಡಿಗೆ ಸುದ್ದಿ ಹೋಗಿ, ಬೀಳ್ಕೊಡುಗೆ ಸಮಿತಿ ಹುಟ್ಟಿ, ಟೆಂಪೋದಲ್ಲಿ ಮೈಕು, ಶಾಲು, ಹಾರ ಏರಿ ನನಗಿಂತ ಮುಂಚೆ ನನ್ನಿವಾಳ ಸೇರಿದ್ದವು.

ನಾನು ಹೋಗುವ ಹೊತ್ತಿಗೆ ಅವ್ವ ಅಂಗಳದಲ್ಲಿ ಕಂಬಳಿ ಹಾಸಿದ್ದಳು. ಕುರಿ ಕಾಯುವ ನಮ್ಮ ಮಂದಿಗೆ ಕರಿಕಂಬಳಿ ಬರೀ ಹೊದಿಕೆಯಲ್ಲ. ಅದರ ಮೇಲೆ ಕೂತವನು ಸುಳ್ಳು ಹೇಳುವ ಹಾಗಿಲ್ಲ. ನ್ಯಾಯ ತೀರ್ಮಾನ ಅದರ ಮೇಲೆ, ಹೆಣ್ಣು ಕೊಡುವ ಮಾತು ಅದರ ಮೇಲೆ. ಮನೆಯವರು ಯಾರಾದರೂ ದೂರ ಹೊರಟರೆ ಅವ್ವ ಅವರನ್ನು ಅದರ ಮೇಲೆ ಕೂರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿಯೇ ಕಳಿಸುವುದು. ಸಮಿತಿಯವರಿಗೆ ಇದೆಲ್ಲಿ ಗೊತ್ತು? ನೆಲದ ಮೇಲೆ ಸೈನಿಕ ಕೂತಿರುವುದು ಫೋಟೋಗೆ ಚೆನ್ನಾಗಿದೆ ಎಂದು ಮೈಕನ್ನು ತಂದು ಕಂಬಳಿಯ ಅಂಚಿಗೇ ನಿಲ್ಲಿಸಿದರು. ನನಗೆ ಗೊತ್ತಿತ್ತು. ಮೆಲ್ಲಗೆ ಜನರ ಹಿಂದಕ್ಕೆ ಸರಿದೆ.

ಸಾಹುಕಾರ ಹಾರ ಹಾಕಿ, ಶಾಲು ಬಿಚ್ಚಿ ಕೈಯಲ್ಲಿ ಹಿಡಿದು, ಮೈಕಿನಲ್ಲಿ ಗುಡುಗಿದ. "ಈ ತಾಲೂಕಿನ ಹುಲಿ! ಹೇಳಪ್ಪ, ಇಲ್ಲೀತನಕ ನೀನು ಎಷ್ಟು ಫಿರಂಗಿ ಹಾರ್ಸಿದೀಯಾ?"

ಹುಡುಗ ಕಂಬಳಿಯ ಅಂಚನ್ನು ಬೆರಳಲ್ಲಿ ನೇವರಿಸಿದ. ಅಜ್ಜಿಯ ಕಡೆ ನೋಡಿದ. "ಒಂದೂ ಇಲ್ರಿ. ನಾನು ಅಡುಗೆಯವನು. ಫಿರಂಗಿ ಹಾರ್ಸೋರಿಗೆ ರೊಟ್ಟಿ ಮಾಡ್ತೀನಿ" ಎಂದ.

ಮೈಕು ಒಳ್ಳೆಯ ಮೈಕು. ಊರಿಗೆಲ್ಲ ಕೇಳಿಸಿತು. ಹಾರ ಆಗಲೇ ಬಿದ್ದಿತ್ತು, ತೆಗೆಯುವಂತಿರಲಿಲ್ಲ. ಶಾಲು ಇನ್ನೂ ಸಾಹುಕಾರನ ಕೈಯಲ್ಲಿತ್ತು. ಹೊದಿಸಲೋ ಮಡಚಲೋ ತಿಳಿಯದೆ ಅವನು ಅದನ್ನು ಬಟ್ಟೆ ಒಣಗಿಸುವವನಂತೆ ಹಿಡಿದುಕೊಂಡೇ ನಿಂತ. ಮ್ಯಾನೇಜರು ಯುದ್ಧವನ್ನೇ ಗೆದ್ದವರಂತೆ ನಕ್ಕರು. ಆಮೇಲೆ ಎಲ್ಲರ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ಆ ಕ್ಷಣದಲ್ಲಿ ಶತ್ರುಗಳ ಕ್ಷಿಪಣಿಯೊಂದು ನನ್ನಿವಾಳದ ದಾರಿ ಹಿಡಿದಿದ್ದರೆ ನಾನೇ ಕೈ ಬೀಸಿ ಕರೆಯುತ್ತಿದ್ದೆ.

ಅವ್ವನಿಗೆ ಇದ್ಯಾವುದೂ ಬೇಕಿರಲಿಲ್ಲ. ಮೈಕನ್ನು ಕೈಯಿಂದ ಅತ್ತ ಸರಿಸಿ, ಅವನ ಎದುರು ಕೂತಳು.

"ಅಡುಗೆಮನೆ ಅಂದ್ರೆ ಗುಂಡು ಅಲ್ಲಿಗೆ ಬರಲ್ವೇನಲೇ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಇಲ್ಲ ಎಂದು ಅವನು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕಂಬಳಿಯ ಮೇಲೆ ಹಾಗೆ ಹೇಳುವಂತಿಲ್ಲವಲ್ಲ. "ಬರುತ್ತಜ್ಜಿ. ಇದು ಅಡುಗೆಮನೆ ಅಂತ ನೋಡ್ಕಂಡು ಬೀಳಲ್ಲ ಅದು" ಎಂದ. ಅಕ್ಕ ಒಳಗೆ ಹೋದಳು.

"ನಿಂಗೆ ಹೆಂಗೆ ಗೊತ್ತಾಗುತ್ತೆ, ಅಲ್ಲಿ ಒಳ್ಳೇದಾಯ್ತಾ ಕೆಟ್ಟದಾಯ್ತಾ ಅಂತ?"

"ಹಿಟ್ಟಿನಾಗೆ ಗೊತ್ತಾಗುತ್ತಜ್ಜಿ. ಬೆಳಿಗ್ಗೆ ಹೋದೋರು ಎಷ್ಟು ಜನವೋ ಅಷ್ಟು ಜನಕ್ಕೆ ಹಿಟ್ಟು ಕಲಸಿಟ್ಟಿರ್ತೀನಿ. ಎಲ್ಲಾರೂ ವಾಪಸ್ ಬಂದ್ರೆ ಸಾಲೋದೇ ಇಲ್ಲ, ಹಸ್ಕಂಡಿರ್ತಾರೆ, ಬೈತಾರೆ. ಹಿಟ್ಟು ಉಳಿದ್ರೆ..." ಎಂದು ನಿಲ್ಲಿಸಿದ. "ಒಂದ್ ಸಲ ಉಳಿದಿತ್ತು. ಏನ್ ಮಾಡ್ಬೇಕು ಅಂತ ಗೊತ್ತಾಗಲಿಲ್ಲ. ಎಸೆಯಾಕೂ ಆಗಲಿಲ್ಲ."

ಅವ್ವ ಅವನ ತಲೆ ಮುಟ್ಟಿ ಎದ್ದಳು. ಸಮಿತಿಯವರು ಟೆಂಪೋ ಹತ್ತಿದರು. ಶಾಲನ್ನು ವಾಪಸ್ ಒಯ್ದರು.

ಅವನು ಹೊರಟುಹೋದ ಮೇಲೆ ನಾನು ಚಹಾದಂಗಡಿಗೆ ಹೋಗಲಿಲ್ಲ. ನಾಚಿಕೆ ಅನ್ನುವುದು ನಿಜ. ಅದಕ್ಕಿಂತ ಹೆಚ್ಚು ಭಯ. ಮೂರು ವಾರ ಅವನ ಕೈಗೆ ಫಿರಂಗಿ, ಗುಂಡಿ ಕೊಟ್ಟು ಕುಣಿದ ನನಗೆ, ಅವನ ಕೈಯಲ್ಲಿ ಹಿಟ್ಟು ಮಾತ್ರ ಇದೆ ಎಂದು ತಿಳಿದ ಮೇಲೆ ನಿದ್ದೆ ಹತ್ತಲಿಲ್ಲ. ದಿನವೂ ಅಕ್ಕನ ಮನೆಗೇ ಹೋಗುತ್ತಿದ್ದೆ. ಟಿ.ವಿ.ಯಲ್ಲಿ ಕೋಟು ಹಾಕಿದವರು ಕೂಗುತ್ತಿದ್ದರು. ಅಕ್ಕ ಅದರ ದನಿ ತೆಗೆದು, ಬರೀ ಬಾಯಿಗಳನ್ನು ನೋಡುತ್ತಾ ಕೂರುತ್ತಿದ್ದಳು. ಸಾಹುಕಾರ ಒಮ್ಮೆ ನನಗೆ ಫೋನು ಮಾಡಿದ. ಅರ್ಧ ಸೆರಗು ಮುಗಿದಿದೆಯಂತೆ. "ಇದು ಇನ್ನೊಂದು ಹದಿನೈದು ದಿನ ನಡುದ್ರೆ ಸೀರೆ ಹೊತ್ತಿಗೆ ಸರಿಯಾಗಿ ಬರುತ್ತೆ ನೋಡ್ರಿ" ಎಂದ. ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಹದಿನೈದು ದಿನ ನಡೆಯಲಿಲ್ಲ. ಒಂದು ಸಂಜೆ ಎರಡೂ ಕಡೆಯವರು ನಿಲ್ಲಿಸಿದರು ಎಂದು ಸುದ್ದಿ ಬಂತು. ಮಾರನೇ ದಿನ ಬೆಳಿಗ್ಗೆ ಅಕ್ಕನ ಫೋನಿಗೆ ಅವನ ಕರೆ. ಅಕ್ಕ ಅವನ ದನಿ ಕೇಳಿದ್ದೇ ತಡ, ಗೋಡೆಗೆ ಒರಗಿ ಕೂತಳು. ಅವ್ವ ಫೋನು ಇಸಿದುಕೊಂಡಳು. ಚೆನ್ನಾಗಿದೀಯಾ ಎಂದು ಕೇಳಲಿಲ್ಲ, ಗೆದ್ದೆವಾ ಎಂದೂ ಕೇಳಲಿಲ್ಲ.

"ಹಿಟ್ಟು ಉಳೀತೇನಲೇ?"

ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳಿಸಿತು. "ಉಳೀತಜ್ಜಿ" ಎಂದ.

"ಎಷ್ಟು ಜನದ್ದು?"

"ಮೂರು."

ಅವ್ವ ಆ ಮೂವರ ಊರು ಕೇಳಿದಳು. ಅವನು ಹೇಳಿದ. ಯಾವುದೂ ನಾವು ಕಂಡ ಊರಲ್ಲ. ಅವ್ವ ಒಂದೊಂದನ್ನೂ ತನ್ನ ಬಾಯಲ್ಲಿ ಹೇಳಿನೋಡಿದಳು. ಸರಿಯಾಗಿ ಬರುವವರೆಗೂ ಬಿಡಲಿಲ್ಲ.

ಸಂಜೆ ನಾನೇ ಚಹಾದಂಗಡಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಯಾರಿಗಾದರೂ ಹೇಳಬೇಕಿತ್ತು. ಅಲ್ಲಿ ಜಿಲೇಬಿ ಹಂಚುತ್ತಿದ್ದರು. ಹೊಡೆಯುವ ಪಕ್ಷ ಹೊಡೆದದ್ದಕ್ಕೆ, ಶಾಂತಿ ಪಕ್ಷ ನಿಂತದ್ದಕ್ಕೆ. ಒಂದೇ ಬುಟ್ಟಿಯ ಜಿಲೇಬಿ. ಸಾಹುಕಾರ ಹೊಸ ಸೀರೆಯ ಮುಗಿದಷ್ಟು ಸೆರಗನ್ನು ಮಗ್ಗದಿಂದ ಕತ್ತರಿಸಿ ತಂದು ಮೇಜಿನ ಮೇಲೆ ಹರವಿದ್ದ. ನೇಕಾರನ ಕೈ ಗಿಳಿಗೆ ಒಗ್ಗಿದ ಕೈ, ವಿಮಾನಕ್ಕೆ ಕೊಕ್ಕು ಬಂದುಬಿಟ್ಟಿತ್ತು. ಯಾರೋ ಕೋಳಿಯಾ ಎಂದು ಕೇಳಿದರು. ಯುದ್ಧ ಮುಗಿದಿದೆಯಲ್ಲ, ಸಾಹುಕಾರ ತಡಮಾಡದೆ ಹಂಸ ಎಂದ.

ನನ್ನನ್ನು ನೋಡಿದ್ದೇ ಹಳೆಯದೆಲ್ಲ ಮರೆತು ಕುರ್ಚಿ ಎಳೆದು ಕೊಟ್ಟ. "ಬರ್ರಿ ಮೇಷ್ಟ್ರೇ. ನಿಮ್ಮ ಹುಡುಗ ಏನಂದ? ಅಲ್ಲಿ ಹೆಂಗೈತೆ?"

ನಾನು ಕೂರಲಿಲ್ಲ. "ಮೂರು ಜನರ ಹಿಟ್ಟು ಉಳೀತಂತೆ" ಎಂದೆ.

ಸಾಹುಕಾರ ಮ್ಯಾನೇಜರ ಮುಖ ನೋಡಿದ, ಮ್ಯಾನೇಜರು ಅವನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೆ ನೆಮ್ಮದಿಯಾದಂತೆ ಕಂಡಿತು.

"ಮೂರೇನಾ?" ಎಂದ ಸಾಹುಕಾರ. "ಹಂಗಾದ್ರೆ ಪರವಾಗಿಲ್ಲ ಬಿಡ್ರಿ."

ಬೈಯಲು ಬಾಯಿ ತೆರೆದೆ. ಆದರೆ ಬೇಸಿಗೆಯ ಶುರುವಿನಲ್ಲಿ ಇದೇ ಕುರ್ಚಿಯಲ್ಲಿ ಕೂತು ಇದೇ ಸುದ್ದಿ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಜಿಲೇಬಿ ತಟ್ಟೆಯಲ್ಲೇ ಬಿಟ್ಟು ನನ್ನಿವಾಳದ ಬಸ್ಸು ಹತ್ತಿದೆ. ಆ ಮೂರು ಊರಿನ ಹೆಸರು ನನಗಿನ್ನೂ ಬಾಯಿಗೆ ಬಂದಿರಲಿಲ್ಲ, ಅವ್ವನಿಂದ ಹೇಳಿಸಿಕೊಳ್ಳಬೇಕಿತ್ತು.