ಉಪ್ಪಿಲ್ಲದ ಅನ್ನ

ಇಲ್ಲ, ಅವ್ವ ಅಂದು ಹಿತ್ತಲಲ್ಲಿ ಕುಳಿತಿದ್ದಳೋ ನಿಂತಿದ್ದಳೋ, ಈಗ ಖಚಿತವಿಲ್ಲ. ಆದರೆ ಅವಳ ಅಂಗೈಯಲ್ಲಿದ್ದ ಒಣಮೀನನ್ನು ನಮ್ಮ ನಾಯಿ ಕಾಳ್ಯಾ ನೆಕ್ಕುತ್ತಿದ್ದುದು ನಿಜ. ಅದರ ಮೂತ್ರಪಿಂಡ ಕೆಟ್ಟಿದೆ, ಉಪ್ಪು, ಮೀನು, ಮಾಂಸ ಬೇಡ, ಔಷಧಿ ಬೆರೆಸಿದ ಮೆತ್ತನೆಯ ಅನ್ನ ಹಾಕಿ ಎಂದು ಶಹಾಪುರದ ಪಶುವೈದ್ಯರು ಹೇಳಿ ಮೂರು ವಾರವಾಗಿತ್ತು. ನಾನು ಹಾಕುತ್ತಿದ್ದ ಆ ಅನ್ನವನ್ನು ಕಾಳ್ಯಾ ಮೂಸಿ ಬಿಟ್ಟುಬಿಡುತ್ತಿತ್ತು.

“ವಿಷ ಹಾಕಾಕತ್ತೀ ಏನಬೇ?” ಎಂದು ಕೂಗಿದೆ.

ಅವ್ವ ಬೆಚ್ಚಲಿಲ್ಲ. “ನಮ್ಮ ಉಪ್ಪು ತಿಂದು ಬೆಳದ ನಾಯಿ ಇದು. ಸಪ್ಪನ ಕೂಳು ಹಾಕಿದ್ರ, ಮನಿ ಬಿಟ್ಟು ಹೊರಗ ಹಾಕ್ಯಾರ ಅಂತ ತಿಳ್ಕೊಂತದ. ನೀ ಒಂದಿನ ಅದನ್ನ ಉಂಡು ನೋಡು, ಬಾಳ ಶಾಣ್ಯಾ!”

ನಾನು ಮೀನು ಕಸಿದು ಹಿಂದಿನ ಕಾಲುವೆಗೆ ಎಸೆದೆ. ಮರುದಿನದಿಂದ ಅವ್ವ ಹಿತ್ತಲಿಗೇ ಬರಲಿಲ್ಲ. ಕಾಳ್ಯಾ ಅವಳ ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿತ್ತು. ಒಂಬತ್ತನೆಯ ದಿನ ಸತ್ತಿತು.

ಅದೇ ಸಪ್ಪೆ ಅನ್ನವನ್ನು ಅವ್ವನ ಕೈಯಿಂದ ತಿನ್ನಿಸಬಹುದಿತ್ತು ಎಂದು ನನಗೆ ಹೊಳೆದದ್ದು ನಾಯಿಯನ್ನು ಹೂತ ಮೇಲೆ. ತಿನ್ನುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಅವ್ವನನ್ನು ನಾನು ಕೇಳಲೂ ಇಲ್ಲ.