ಅವ್ವನ ಕೊನೆಯ ಆರು ಹಲ್ಲು

ನನ್ನ ಹೊಟ್ಟೆಪಾಡು ನಡೆಯುವುದು ಅಮೆರಿಕದ ಮುದುಕರ ಬೊಚ್ಚುಬಾಯಿಯ ಮೇಲೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆದರೂ ಮದುವೆಮನೆಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ, ‘ಮೆಡಿಕಲ್ ಲೈನು’ ಎಂದಷ್ಟೇ ಹೇಳಿ ಪಲ್ಯದ ಕಡೆ ತಿರುಗಿಬಿಡುತ್ತೇನೆ. ಅಲ್ಲಿನ ಡಾಕ್ಟರು ರೋಗಿಯ ಬಗ್ಗೆ ಬರೆದಿಟ್ಟದ್ದನ್ನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಮೂರನೇ ಮಹಡಿಯಲ್ಲಿ ಕುಳಿತು ಓದುವುದು, ಒಂದೊಂದು ಕಾಯಿಲೆಗೂ ಅದರದರ ಕೋಡ್ ಹಚ್ಚುವುದು, ಇಷ್ಟೇ ಕೆಲಸ. ಕೋಡ್ ಸರಿಯಿದ್ದರೆ ಇನ್ಶೂರೆನ್ಸಿನವರು ಒಪ್ಪುತ್ತಾರೆ, ತಪ್ಪಿದರೆ ಕಾಗದ ತಿರುಗಿ ಬರುತ್ತದೆ. ಹದಿನಾಲ್ಕು ವರ್ಷದಲ್ಲಿ ನನ್ನ ಕಾಗದಗಳು ತಿರುಗಿ ಬಂದದ್ದು ಕಡಿಮೆ. ಆ ಜಂಬವೇ ಈ ಕತೆಗೆಲ್ಲ ಮೂಲ.

ಹಲ್ಲಿಲ್ಲ ಎಂದರೆ ಹಲ್ಲಿಲ್ಲ, ಅದರಲ್ಲಿ ಬರೆಯುವುದೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲು, ಕೆಲವು ಹೋಗಿವೆಯೋ ಎಲ್ಲವೂ ಹೋಗಿವೆಯೋ ನೋಡಬೇಕು. ಎರಡೂ ಬೇರೆ ಬೇರೆ ಮನೆತನದ ಕೋಡ್. ಆಮೇಲೆ, ಯಾಕೆ ಹೋದವು? ಪೆಟ್ಟು ಬಿದ್ದೋ, ವಸಡಿನ ರೋಗದಿಂದಲೋ, ಹುಳುಕಿನಿಂದಲೋ, ಬೇರೆ ಯಾವುದಾದರೂ ನಿರ್ದಿಷ್ಟ ಕಾರಣದಿಂದಲೋ, ಇಲ್ಲಾ ಕಾರಣ ತಿಳಿಯದೋ? ಅಷ್ಟಕ್ಕೇ ಮುಗಿಯಲಿಲ್ಲ. ದವಡೆಯ ಮೂಳೆ ಎಷ್ಟು ಉಳಿದಿದೆ ಎಂಬುದರ ಮೇಲೆ ಬೊಚ್ಚುಬಾಯಿಗೆ ಒಂದರಿಂದ ನಾಲ್ಕರವರೆಗೆ ಕ್ಲಾಸುಗಳಿವೆ. ನಮ್ಮ ಲೋಕಲ್ ರೈಲಿನಲ್ಲಿ ಇದ್ದ ಹಾಗೆ ಇಲ್ಲೂ ಫಸ್ಟ್ ಕ್ಲಾಸ್ ಇದೆ ನೋಡಿ.

ನಮ್ಮ ಕೆಲಸಕ್ಕೆ ಒಂದು ದೊಡ್ಡ ನಿಯಮವಿದೆ: ಕಾಗದದಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ. ನಿನಗೆ ಗೊತ್ತಿದ್ದರೂ ಊಹಿಸಿ ಹಾಕಬೇಡ, ಡಾಕ್ಟರನ್ನು ಕೇಳು. ‘ಕಾರಣ ತಿಳಿಯದು’ ಎಂಬ ಕೋಡ್ ಹಚ್ಚುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರೋಗಿ ಎದುರಿಗೇ ಕುಳಿತಿರುವಾಗ ಒಂದು ಮಾತು ಕೇಳಲು ಈ ಡಾಕ್ಟರಿಗೆ ಏನು ದಾಡಿ ಎಂದು ಬೈದುಕೊಂಡು, ಕಾರಣ ತಿಳಿಸಿ ಎಂದು ಪತ್ರ ಬರೆಯುತ್ತಿದ್ದೆ. ಆಫೀಸಿನಲ್ಲಿ ನನಗೆ ಸಿಬಿಐ ಎಂದು ಹೆಸರಿಟ್ಟಿದ್ದಾರೆ.

ಮನೆ ವಡಾಲದಲ್ಲಿ. ನಾನು, ಅವ್ವ ಇಬ್ಬರೇ. ಅವ್ವ ವಿಜಾಪುರದ ಕಡೆಯವಳು. ಮೂವತ್ತು ವರ್ಷ ಈ ಊರಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು. ಹೊತ್ತುಹೊತ್ತಿಗೆ ಊಟ ಸಿಗದ ಕೆಲಸದಲ್ಲಿ ಹೆಂಗಸರೆಲ್ಲ ಹಸಿವು ಮರೆಯಲು ಮಿಶ್ರಿ ಉಜ್ಜುತ್ತಿದ್ದರು. ತಂಬಾಕು ಸುಟ್ಟು ಮಾಡಿದ ಆ ಕರಿ ಪುಡಿ ಹಸಿವಿನ ಜೊತೆಗೆ ವಸಡನ್ನೂ ತಿಂದಿತು. ಅರವತ್ತಾರರ ಹೊತ್ತಿಗೆ ಅವಳ ಬಾಯಲ್ಲಿ ಆರು ಹಲ್ಲು ಉಳಿದಿದ್ದವು, ಮೇಲೆರಡು, ಕೆಳಗೆ ನಾಲ್ಕು. ಆ ಆರರಲ್ಲೇ ಅವಳು ಒಣಗಿಸಿಟ್ಟ ಗಟ್ಟಿ ಖಟಿ ರೊಟ್ಟಿ ಮುರಿಯುತ್ತಿದ್ದಳು, ಶೇಂಗಾ ಒಡೆಯುತ್ತಿದ್ದಳು, ಹೊಲಿಗೆಯ ದಾರ ಕಡಿಯುತ್ತಿದ್ದಳು. ಸಂಜೆ ನಾನು ಮನೆಗೆ ಬಂದರೆ ಚಹಾ ಕೊಡುತ್ತ ಅವಳು ಕೇಳುವುದು ಒಂದೇ ಪ್ರಶ್ನೆ: “ಇವತ್ತ ಎಷ್ಟ ಬಾಯಿ ನೋಡಿದಿ?” ನಾನು ಲೆಕ್ಕ ಹೇಳಿದರೆ, ಅಷ್ಟು ಬಾಯಿ ನೋಡಿದ ಮಗಳು ನನ್ನ ಬಾಯಿ ನೋಡಲಿಲ್ಲ ಎಂದು ನಗುತ್ತಿದ್ದಳು.

ಹೋದ ವರ್ಷ ನಮ್ಮ ಓಣಿಯ ಹಾಲ್‌ನಲ್ಲಿ ಯಾವುದೋ ಟ್ರಸ್ಟಿನವರು ಪುಕ್ಕಟೆ ಹಲ್ಲಿನ ಸೆಟ್ ಕೊಡುವ ಕ್ಯಾಂಪ್ ಇಟ್ಟರು. ಅವ್ವ ಸಾಲಿನಲ್ಲಿ ನಿಂತು, ಒಂದು ಚೀಟಿ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡಕ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು ಓದಿದೆ. ಇಡೀ ಸೆಟ್ ಸಿಗುವುದು ಒಂದೂ ಹಲ್ಲಿಲ್ಲದವರಿಗೆ ಮಾತ್ರ ಎಂದಿತ್ತು. ನೀನು ಪಾರ್ಶಿಯಲ್, ಅವರಿಗೆ ಬೇಕಾದದ್ದು ಕಂಪ್ಲೀಟ್ ಎಂದು ವಿವರಿಸಿದೆ. ನನ್ನ ವಿದ್ಯೆ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳಬೇಕು.

“ಹಂಗಾದ್ರ ಉಳದ ಆರೂ ಕೀಳಸಿದ್ರ?” ಎಂದು ಅವ್ವ ಕೇಳಿದಳು.

“ಆಗ ಕಂಪ್ಲೀಟ್ ಆಗ್ತದ,” ಎಂದೆ ನಾನು.

ದೇವರಾಣೆ, ಕೀಳಿಸು ಎಂದು ನಾನು ಹೇಳಲಿಲ್ಲ. ಕೋಡ್ ಹೇಳಿದೆ, ಅಷ್ಟೇ. ಆದರೆ ಓದು ಬಾರದ ತಾಯಿಗೆ ಓದಿದ ಮಗಳ ಮಾತು ಡಾಕ್ಟರ ಮಾತಿಗಿಂತ ಒಂದು ತೂಕ ಹೆಚ್ಚು ಎಂಬುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಆಫೀಸಿಗೆಂದು ಹೊರಟು ಗೋರೆಗಾಂವ್‌ನಲ್ಲಿ ಹಾರ್ಬರ್ ಲೈನಿನ ರೈಲು ಇಳಿದು ಸ್ಲೋ ಲೋಕಲ್ ಹಿಡಿಯುವ ಹೊತ್ತಿಗೆ, ಅವಳು ಪಕ್ಕದ ಗಲ್ಲಿಯ ದವಾಖಾನೆಯಲ್ಲಿ ಬಾಯಿ ತೆರೆದು ಕುಳಿತಿರುತ್ತಿದ್ದಳಂತೆ. ಮೂರು ಸಲಕ್ಕೆ ಆರೂ ಮುಗಿದವು. ಕೊನೆಯ ದಿನ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ನನಗೆ ಚಹಾ ಮಾಡಿಕೊಟ್ಟಳು. ಪರೀಕ್ಷೆ ಪಾಸಾದವರ ಹಾಗೆ ಆರೂ ಹಲ್ಲನ್ನು ಬಟ್ಟಲಲ್ಲಿ ಹಾಕಿ ತೋರಿಸಿದಳು.

ಸೆಟ್ ಬರಲು ಏಳು ತಿಂಗಳು ಹಿಡಿಯಿತು. ಬಂದದ್ದು ಬಾಯಲ್ಲಿ ನಿಲ್ಲಲಿಲ್ಲ. ಮಾತಾಡಿದರೆ ಕೆಳಗಿನದು ಮೇಲೇಳುತ್ತಿತ್ತು, ತುತ್ತು ಇಟ್ಟರೆ ತುತ್ತಿನ ಜೊತೆಗೇ ಹೊರಗೆ ಬರುತ್ತಿತ್ತು. ಟ್ರಸ್ಟಿನವರು ಅಷ್ಟರಲ್ಲಿ ಬೇರೆ ಕಡೆ ಕ್ಯಾಂಪ್ ಹಾಕಿದ್ದರು. ಹಲ್ಲಿನಿಂದ ಹುಟ್ಟುವ ಅಕ್ಷರಗಳಿಗೆ ದಂತ್ಯ ಎಂದು ಹೆಸರಿದೆಯಲ್ಲ, ಅವೆಲ್ಲ ಹಲ್ಲಿನ ಬೆನ್ನಿಗೇ ಹೊರಟುಹೋದವು. ಶಾಂತಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಈಗ ಬರೀ ಗಾಳಿ.

ಕೊನೆಗೆ ಬೈಕುಲ್ಲಾದ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ನಿಧಾನವಾಗಿ ನೋಡಿದರು. ಕೆಳಗೆ ಎರಡು ಬೇರು ಉಳಿದಿದ್ದರೂ ಸಾಕಿತ್ತು, ಗೂಟಕ್ಕೆ ಕಟ್ಟಿದ ಹಾಗೆ ಸೆಟ್ ನಿಲ್ಲುತ್ತಿತ್ತು, ಈಗ ಮೂಳೆಯೇ ಕರಗಿದೆ ಎಂದರು. ನಾಲ್ಕನೇ ಕ್ಲಾಸು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಆಮೇಲೆ ಅವರು, ಕಾರಣ ಬರೆಯಬೇಕಲ್ಲ ಎಂದು ಪೆನ್ನು ಹಿಡಿದು ಹಿಂದಿಯಲ್ಲಿ ಕೇಳಿದರು: ಕೊನೆಯ ಹಲ್ಲುಗಳು ಬಿದ್ದವೋ, ಕೀಳಿಸಿದಿರೋ? ಕೀಳಿಸಿ ಎಂದು ಹೇಳಿದ್ದು ಯಾರು?

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಕೋಯಿ ನಹೀ ಬೋಲಾ ಡಾಕ್ಟರ್‌ಸಾಬ್. ಅಪನೇ ಆಪ್ ಗಿರ್ ಗಯಾ,” ಎಂದಳು. ಯಾರೂ ಹೇಳಲಿಲ್ಲವಂತೆ, ತಾವೇ ಬಿದ್ದವಂತೆ.

ಡಾಕ್ಟರು ‘ಕಾರಣ ತಿಳಿಯದು’ ಎಂದು ಬರೆದರು. ಸಮುದ್ರದಾಚೆಯ ಡಾಕ್ಟರುಗಳಿಗೆ ಹದಿನಾಲ್ಕು ವರ್ಷ ಪತ್ರ ಬರೆದ ಸಿಬಿಐ, ಕೈಯಳತೆಯಲ್ಲಿದ್ದ ಈ ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಬೇರೆ ನಿರ್ದಿಷ್ಟ ಕಾರಣ’ ಎಂಬ ಕೋಡ್ ನನಗೆ ಬಾಯಿಪಾಠವಿತ್ತು. ಕಾರಣ ಅದೇ ಕೋಣೆಯಲ್ಲಿ ಕೈಚೀಲ ಹಿಡಿದು ನಿಂತಿತ್ತು. ಹೇಡಿ ನಾನು, ಇನ್ನೇನು ಹೇಳಲಿ.

ಮರುದಿನ ಆಫೀಸಿನಲ್ಲಿ ಎಂಬತ್ತರ ಮುದುಕಿಯೊಬ್ಬಳ ಕಾಗದ ಬಂತು. ಎಲ್ಲ ಹಲ್ಲೂ ಹೋಗಿವೆ, ಕಾರಣದ ಜಾಗ ಖಾಲಿ. ಎಂದಿನಂತೆ ಪತ್ರ ಬರೆಯಲು ಕೂತವಳು ಬರೆಯಲಿಲ್ಲ. ಪುಣ್ಯಾತ್ಗಿತ್ತಿ ಯಾರನ್ನು ಉಳಿಸುತ್ತಿದ್ದಾಳೋ, ನಾನ್ಯಾಕೆ ಕೆದಕಲಿ?

ಸಂಜೆ ಅವ್ವ ರೊಟ್ಟಿಯನ್ನು ಬೇಳೆಯಲ್ಲಿ ನೆನೆಯಲು ಹಾಕಿ ಕಾಯುತ್ತ ಕುಳಿತಿದ್ದಳು. ಸೆಟ್ ಸ್ಟೀಲ್ ಡಬ್ಬಿಯಲ್ಲಿತ್ತು. ಎಂದಿನ ಪ್ರಶ್ನೆ ಕೇಳಿದಳು. ನಲವತ್ತು ಎಂದೆ. ಅದರಲ್ಲಿ ತನ್ನಂಥ ಬಾಯಿ ಎಷ್ಟು ಎಂದಳು. ಒಂದು ಎಂದೆ.

“ಯಾಕ ಹೋಗಿದ್ದುವಂತ?”

“ಗೊತ್ತಿಲ್ಲ ಅಂತ ಬರದೆ, ಅವ್ವಾ.”

“ಚಲೋ ಮಾಡಿದಿ,” ಎಂದಳು ಅವ್ವ. ಮೆತ್ತಗಾದ ರೊಟ್ಟಿ ತನ್ನ ಮುಂದಿಟ್ಟುಕೊಂಡು, ಖಟಿ ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. “ನಿನಗ ಹಲ್ಲ ಅದಾವ, ತಿನ್ನು.”