ಗಂಟಿನಲ್ಲಿ ಉಳಿದ ದನಿಗಳು

ಬೆಳಗಿನ ಆರು ಗಂಟೆ. ಕೆರ್ಕೆನ್ನಾ ದ್ವೀಪದ ಹಳೆಯ ರೇಡಿಯೊ ನಿಲಯದ ಹಿಂದಿನ ಕೋಣೆಯಲ್ಲಿ ಹಲ್ಲೂಮಾ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಕೈಯಲ್ಲೊಂದು ಟೇಪಿನ ಸುರುಳಿ. ಅದಕ್ಕೆ ಕಟ್ಟಿದ ಖರ್ಜೂರದ ನಾರನ್ನು ಹೆಬ್ಬೆರಳಿನಿಂದ ತಡವುತ್ತಾರೆ.

"ಎರಡು ಗಂಟು, ಒಂದು ಕುಣಿಕೆ. ಮದುವೆ ಹಾಡು. ನಡುವೆ ಒಬ್ಬಳು ಕೆಮ್ತಾಳೆ ನೋಡು."

ಆಚೆ ದಡದ ಸ್ಫಾಕ್ಸ್ ಪಟ್ಟಣದಿಂದ ಹಡಗು ಹತ್ತಿ ಬಂದಿರುವ ತಂತ್ರಜ್ಞ ನಿಝಾರ್ ಟೇಪು ಹಾಕುತ್ತಾನೆ. ಹಾಡು ಬರುತ್ತದೆ. ಕೆಮ್ಮೂ ಬರುತ್ತದೆ.

"ಚಿಕ್ಕಮ್ಮ, ನೀವು ಮಾಟಗಾತಿ!"

"ಮಾಟ ಅಲ್ಲಪ್ಪ, ಪೊರಕೆ. ನಲವತ್ತೊಂದು ವರ್ಷ ಈ ನಿಲಯ ಗುಡಿಸಿದೀನಿ. ಕಿವಿಗೆ ಬೀಗ ಹಾಕ್ಕೊಂಡು ಗುಡಿಸೋಕಾಗುತ್ತಾ?"

ಈ ಕೋಣೆಯಲ್ಲಿ ಆರುನೂರ ಹನ್ನೊಂದು ಟೇಪುಗಳಿವೆ. ದ್ವೀಪದ ರೇಡಿಯೊ ಹುಟ್ಟಿದ ದಿನದಿಂದ ಹಿಡಿದಿಟ್ಟದ್ದೆಲ್ಲ ಇಲ್ಲಿದೆ. ಮೇಲಿನ ಕಚೇರಿಯ ಆದೇಶ ಹೀಗಿದೆ: ಹೆಸರಿರುವ ಟೇಪುಗಳನ್ನು ಮಾತ್ರ ಕಂಪ್ಯೂಟರಿಗೆ ಇಳಿಸಿ, ಹೆಸರಿಲ್ಲದ್ದನ್ನು ತಿಂಗಳ ಕೊನೆಗೆ ಎಸೆಯಿರಿ. ಹೆಸರೆಲ್ಲಿ ಉಳಿದೀತು? ಉಪ್ಪುಗಾಳಿ ಚೀಟಿಯ ಶಾಯಿಯನ್ನು ನೆಕ್ಕಿಬಿಡುತ್ತದೆ. ಸಮುದ್ರದ ಹತ್ತಿರ ನಾಲ್ಕು ದಿನ ಇದ್ದವನಿಗೂ ಇದು ಗೊತ್ತು, ತಂಪು ಕೋಣೆಯಲ್ಲಿ ಕೂತು ಆದೇಶ ಬರೆದವರಿಗೆ ಗೊತ್ತಿಲ್ಲ. ನಿಲಯಕ್ಕೆ ಹದಿನಾಲ್ಕು ಮಂದಿ ಅಧಿಕಾರಿಗಳು ಬಂದು ಹೋದರು. ಒಬ್ಬನೂ ಒಂದು ಪಟ್ಟಿ ಮಾಡಲಿಲ್ಲ. ಮಾಡಿದ್ದು ಅಕ್ಷರ ಬಾರದ, ಇವತ್ತಿಗೂ ದಿನಗೂಲಿಯಲ್ಲೇ ಇರುವ ಈ ಹೆಂಗಸು.

ಆಕ್ಟೋಪಸ್ ಹಿಡಿಯಲು ಕಡಲಿಗಿಳಿಸುವ ಮಡಕೆಗಳಿಗೆ ನಮ್ಮಲ್ಲಿ ಪ್ರತಿ ಮನೆತನವೂ ತನ್ನದೇ ಗಂಟು ಕಟ್ಟುತ್ತದೆ. ಯಾರ ಮಡಕೆ ಎಂದು ಕೈಯೇ ಹೇಳುತ್ತದೆ. ಬೆಸ್ತನ ಮಗಳಾದ ಹಲ್ಲೂಮಾ ಅದನ್ನೇ ಟೇಪಿಗೆ ತಂದರು. ಹಾಡಿಗೆ ಕುಣಿಕೆ, ಮದುವೆಯದಾದರೆ ಜೊತೆಗೆ ಎರಡು ಗಂಟು, ಗಾಳಿಯ ವರದಿಗೆ ಒಂಟಿ ಗಂಟು, ಸಾವಿನ ಸುದ್ದಿಗೆ ಬಿಚ್ಚಿಬಿಟ್ಟ ತುದಿ.

ಆಮೇಲೆ ಟಿವಿ ಬಂತು. "ಊರಿಗೊಂದೇ ಡಬ್ಬ, ಕಾಫಿ ಅಂಗಡೀಲಿ," ಎಂದು ನಗುತ್ತಾರೆ. "ಆಂಟೆನಾನ ಇಟಲಿ ಕಡೆ ತಿರುಗಿಸಿ ಗಂಡಸರೆಲ್ಲ ಬಾಯಿ ಬಿಟ್ಕೊಂಡು ಕೂತ್ರು. ಒಂದು ಮಾತೂ ತಿಳೀತಿರ್ಲಿಲ್ಲ, ಆದ್ರೂ ನಗೋರು. ನಮ್ಮ ಮಾತು ಇಲ್ಲಿ ಧೂಳು ತಿಂತಾ ಬಿದ್ದಿತ್ತು."

ತಮ್ಮ ತಪ್ಪನ್ನೂ ಅವರು ಮುಚ್ಚಿಡುವುದಿಲ್ಲ. ಮಡಕೆಗೆ ಕಟ್ಟುವ ನಾರನ್ನು ನೀರಲ್ಲಿ ನೆನೆಸುವುದು ರೂಢಿ, ಒಣಗಿದಾಗ ಗಂಟು ಕಚ್ಚಿಕೊಳ್ಳುತ್ತದೆ. ಮೊದಲ ವರ್ಷ ಟೇಪಿಗೂ ಹಸಿ ನಾರನ್ನೇ ಕಟ್ಟಿದರು. ಹನ್ನೊಂದು ಸುರುಳಿಗಳಿಗೆ ಬೂಷ್ಟು ಹಿಡಿಯಿತು.

"ಅದ್ರಲ್ಲೊಂದು ನಮ್ಮಪ್ಪಂದು. ಗಾಳಿಗಳ ಹೆಸರು ಒಂದೊಂದಾಗಿ ಹೇಳಿದ್ದ. ನನ್ನ ಕೈಯಾರೆ ಅಪ್ಪನ ದನಿ ಕೊಳೆಸಿದೆ. ಬರ್ಕೊಳಪ್ಪ, ಅದನ್ನೂ ಬರ್ಕೊ," ಎಂದು ನನ್ನ ಪುಸ್ತಕದತ್ತ ಕೈ ತೋರಿಸುತ್ತಾರೆ.

ಉಳಿದ ಆರುನೂರರಲ್ಲಿ ಮುನ್ನೂರ ಅರವತ್ತು ಮುಗಿದಿವೆ. ಮೂರು ಯಂತ್ರಗಳಲ್ಲಿ ದಿನಕ್ಕೆ ಮೂವತ್ತು ಟೇಪು ಇಳಿಯುತ್ತದೆ. ತಿಂಗಳ ಕೊನೆಗೆ ಇನ್ನು ಎಂಟೇ ದಿನ. ಒಂದು ದಿನ ಕರೆಂಟು ಹೋದರೂ ಮೂವತ್ತು ಟೇಪು ತಿಪ್ಪೆಗೆ.

ನಿನ್ನೆ ಕಚೇರಿಯಿಂದ ನಿಝಾರ್‌ಗೆ ಫೋನು ಬಂತು. "ಕಸ ಗುಡಿಸೋಳ ಮಾತು ಕೇಳಿ ಹೆಸರು ಬರೀತಿದ್ದೀಯಂತೆ?"

"ಒಂದು ನಿಮಿಷ ಸಾರ್. ಚಿಕ್ಕಮ್ಮ, ಇದೇನು?" ಎಂದು ನಿಝಾರ್ ಒಂದು ಸುರುಳಿ ಚಾಚಿದ.

ಹಲ್ಲೂಮಾ ನಾರು ಮುಟ್ಟಿದರು. "ಬಿರುಗಾಳಿ ದಿನದ್ದು. ವಾಪಸ್ ಬಂದ ದೋಣಿಗಳ ಹೆಸರು ಓದ್ತಾರೆ. ಎಂಟು ಓದಿ ನಿಲ್ಲಿಸ್ತಾರೆ. ಹೋಗಿದ್ದು ಒಂಬತ್ತು."

ನಿಝಾರ್ ಫೋನನ್ನು ಯಂತ್ರದ ಪಕ್ಕ ಇಟ್ಟ. ಎಂಟು ಹೆಸರು ಬಂತು. ಆಮೇಲೆ ಬರೀ ಟೇಪು ಸುತ್ತುವ ಸದ್ದು. ಆ ಕಡೆಯವರು "ಸರಿ, ಬರ್ಕೊ" ಎಂದು ಫೋನಿಟ್ಟರು.

ಎಲ್ಲ ಮುಗಿದ ಮೇಲೆ ಏನು ಬೇಕು ಎಂದು ನಾನು ಕೇಳಿದರೆ ಹಲ್ಲೂಮಾ ನಿಝಾರ್‌ನ ಕುರ್ಚಿಯತ್ತ ಗದ್ದ ಎತ್ತಿ ತೋರಿಸುತ್ತಾರೆ.

"ಒಂದು ಟೇಪು, ಯಾವುದಾದ್ರೂ ಸರಿ, ಆ ಕುರ್ಚೀಲಿ ಕೂತ್ಕೊಂಡು ಕೇಳ್ಬೇಕು. ಇಷ್ಟು ವರ್ಷ ಎಲ್ಲಾ ನಿಂತ್ಕೊಂಡೇ ಕೇಳಿದ್ದು."